ಇಸಿಜಿ ನಾರ್ಮಲ್, ಆದರೂ ಎದೆ ಡವಡವ ನಿಲ್ಲುತ್ತಿಲ್ಲ. ದಿನದ ಅಭ್ಯಾಸದಲ್ಲಿ ಏನು ಬದಲಾಯಿಸಬೇಕು?

ಪಟ್ಟಣದ_ಹುಡುಗ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ಗೊತ್ತಿದ್ದವರು ದಯವಿಟ್ಟು ಹೇಳಿ.

ನನಗೆ 34 ವರ್ಷ. ಊರು ಚನ್ನರಾಯಪಟ್ಟಣದ ಹತ್ತಿರ, ಕೆಲಸ ಬೆಂಗಳೂರಿನ ಪೀಣ್ಯದಲ್ಲಿ. 2025ರ ಜೂನ್-ಜುಲೈನಲ್ಲಿ ಹಾಸನ ಜಿಲ್ಲೆಯ ಹೃದಯಾಘಾತದ ಸುದ್ದಿ ಟಿವಿಯಲ್ಲಿ ದಿನವಿಡೀ ಬರುತ್ತಿತ್ತಲ್ಲ, ನನಗೆ ಇದು ಶುರುವಾಗಿದ್ದು ಆವಾಗಲೇ. ಚಿಕ್ಕ ವಯಸ್ಸಿನವರ ಫೋಟೋ, ಮನೆಯವರ ಅಳು, ಸಿಸಿಟಿವಿ ವಿಡಿಯೋ. ನಮ್ಮೂರಿನ ವಾಟ್ಸಾಪ್ ಗುಂಪಿನಲ್ಲೂ ಅದೇ. ಒಂದು ರಾತ್ರಿ ಮಲಗಿದ್ದಾಗ ಎದೆ ಜೋರಾಗಿ ಹೊಡೆದುಕೊಳ್ಳಲು ಶುರುವಾಯಿತು, ಕೈಕಾಲು ತಣ್ಣಗಾಯಿತು, ಬೆರಳು ಜುಮ್ ಅಂದಿತು, ನನ್ನ ಕಥೆ ಮುಗಿಯಿತು ಅನ್ನಿಸಿ ಹೆಂಡತಿ ಜೊತೆ ಆಟೋ ಹಿಡಿದು ಆಸ್ಪತ್ರೆಗೆ ಹೋದೆ. ಇಸಿಜಿ ನಾರ್ಮಲ್. ಆಮೇಲೆ ಎಕೋ (ಹೃದಯದ ಸ್ಕ್ಯಾನ್), ಟಿಎಂಟಿ (ಓಡಿಸಿ ಹೃದಯ ನೋಡುವುದು) ಎರಡೂ ಮಾಡಿಸಿದೆ, ಅವೂ ನಾರ್ಮಲ್. ಹಾರ್ಟ್ ಡಾಕ್ಟರ್ ಹೇಳಿದ್ದು ಇಷ್ಟೇ: "ಹೃದಯ ಚೆನ್ನಾಗಿದೆ, ಇದು ಆ್ಯಂಗ್ಸೈಟಿ, ಟೆನ್ಶನ್ ಕಮ್ಮಿ ಮಾಡಿಕೊಳ್ಳಿ." ಹೇಗೆ ಕಮ್ಮಿ ಮಾಡಿಕೊಳ್ಳುವುದು ಅಂತ ಕೇಳುವಷ್ಟರಲ್ಲಿ ಮುಂದಿನ ಪೇಷಂಟ್ ಒಳಗೆ ಬಂದಾಗಿತ್ತು.

ನನ್ನ ದಿನ ಹೀಗಿರುತ್ತದೆ. ಬೆಳಿಗ್ಗೆ ಎದ್ದ ಕೂಡಲೇ ಹಾಸಿಗೆಯಲ್ಲೇ ಮೊಬೈಲ್. ತಿಂಡಿ ತಿನ್ನುವುದು ಅಪರೂಪ, ಕಾಫಿ ಕುಡಿದು ಹೊರಟರೆ ಮಧ್ಯಾಹ್ನದ ಊಟವೇ ಗತಿ. ಆಫೀಸಿನಲ್ಲಿ ಬೈಟು ಕಾಫಿ ಎಷ್ಟು ಸಲ ಅಂತ ಲೆಕ್ಕ ಇಟ್ಟಿಲ್ಲ, ಯಾರು ಕರೆದರೂ ಹೋಗುತ್ತೇನೆ. ಕೈಯಲ್ಲಿ ಸ್ಮಾರ್ಟ್‌ವಾಚ್ ಇದೆ, ಪಲ್ಸ್ ನೋಡುತ್ತಲೇ ಇರುತ್ತೇನೆ. ಮೆಟ್ಟಿಲು ಹತ್ತಿದರೆ 115 ತೋರಿಸುತ್ತದೆ, ಅದನ್ನು ನೋಡಿ ಇನ್ನೂ ಏರುತ್ತದೆ. ಹಾಗಾಗಿ ಈಗ ಲಿಫ್ಟ್ ಮಾತ್ರ. ಶಟ್ಲ್ ಆಡುತ್ತಿದ್ದೆ, ಅದನ್ನೂ ಬಿಟ್ಟೆ. ರಾತ್ರಿ ಎದೆ ಚುಳುಕ್ ಅಂದರೆ ಗೂಗಲ್ ಮಾಡುತ್ತೇನೆ, ಹೆಂಡತಿಯನ್ನು ಎಬ್ಬಿಸಿ "ಏನೂ ಆಗಲ್ಲ ಅಲ್ವಾ?" ಅಂತ ಕೇಳುತ್ತೇನೆ. ಅವಳು ಇಲ್ಲ ಅಂದರೆ ಸ್ವಲ್ಪ ಹೊತ್ತು ಸಮಾಧಾನ, ಆಮೇಲೆ ಮತ್ತೆ ಅದೇ.

ಮಾತ್ರೆ ಬೇಕೇ ಬೇಕಾ, ಇಲ್ಲ ದಿನದ ಅಭ್ಯಾಸ ಬದಲಾಯಿಸಿದರೆ ಸರಿ ಹೋಗುತ್ತದಾ? ಎಲ್ಲಿಂದ ಶುರು ಮಾಡಲಿ?

ಶ್ರೀನಿವಾಸ_ಕೃಪೆ:

ಯೋಚನೆ ಮಾಡಬೇಡಿ ಸರ್. ರಿಪೋರ್ಟ್ ಎಲ್ಲಾ ನಾರ್ಮಲ್ ಇದೆ ಅಂದಮೇಲೆ ಭಯ ಯಾಕೆ? ದೇವರ ಮೇಲೆ ಭಾರ ಹಾಕಿ, ಧೈರ್ಯವಾಗಿರಿ. ದಿನಾ ಬೆಳಿಗ್ಗೆ ಪ್ರಾಣಾಯಾಮ ಮಾಡಿ, ಎಲ್ಲಾ ಸರಿಯಾಗುತ್ತದೆ.

ನೈಟ್_ಡ್ಯೂಟಿ_ಸಿಸ್ಟರ್:

ನಾನು ತಾಲೂಕು ಆಸ್ಪತ್ರೆಯೊಂದರಲ್ಲಿ ಸ್ಟಾಫ್ ನರ್ಸ್. ನೀವು ಬರೆದದ್ದನ್ನು ಓದುತ್ತಿದ್ದರೆ ನಮ್ಮ ಎಮರ್ಜೆನ್ಸಿ ವಾರ್ಡೇ ಕಣ್ಣ ಮುಂದೆ ಬಂತು. ಆ ಜುಲೈನಲ್ಲಿ ಜಯದೇವ ಆಸ್ಪತ್ರೆ ಮುಂದೆ ಜನ ಬೆಳಗಿನ ಜಾವದಿಂದ ಸಾಲು ನಿಂತಿದ್ದನ್ನು ಎಲ್ಲರೂ ಟಿವಿಯಲ್ಲಿ ನೋಡಿದ್ದೀರಿ. 2021ರ ಅಕ್ಟೋಬರ್ ಕೊನೆಗೆ ಅಪ್ಪು ಹೋದಾಗಲೂ ಹಾಗೇ ಆಗಿತ್ತು. ಹೆದರುವುದು ಸಹಜ. ಅದಕ್ಕೆ ನಾಚಿಕೆ ಬೇಡ.

ಮೊದಲು ಆ ರಾತ್ರಿ ನಿಮಗೆ ಆಗಿದ್ದು ಏನು ಅಂತ ಹೇಳುತ್ತೇನೆ, ಯಾಕೆಂದರೆ ಅದು ಗೊತ್ತಾದರೆ ಅರ್ಧ ಭಯ ಇಳಿಯುತ್ತದೆ. ಗಾಬರಿಯಾದಾಗ ನಮಗೇ ಗೊತ್ತಿಲ್ಲದೆ ಉಸಿರು ಜೋರಾಗುತ್ತದೆ. ಉಸಿರು ಸಾಲುತ್ತಿಲ್ಲ ಅನ್ನಿಸುತ್ತದೆ, ಆದರೆ ನಿಜವಾಗಿ ಬೇಕಾದ್ದಕ್ಕಿಂತ ಜಾಸ್ತಿಯೇ ಎಳೆದುಕೊಳ್ಳುತ್ತಿರುತ್ತೇವೆ. ಆಗ ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಕಮ್ಮಿಯಾಗಿ ಬೆರಳು, ತುಟಿ ಜುಮ್ ಅನ್ನುತ್ತವೆ, ತಲೆ ತಿರುಗುತ್ತದೆ. ಕೆಲವರಿಗೆ ಕೈಬೆರಳು ಒಳಗೆ ಮಡಚಿಕೊಂಡು ಸೆಟೆದು ನಿಲ್ಲುತ್ತವೆ, ಮನೆಯವರು ಲಕ್ವ ಹೊಡೆಯಿತು ಅಂತ ಎತ್ತಿಕೊಂಡು ಬರುತ್ತಾರೆ. ನಾವು ಇಸಿಜಿ ತೆಗೆದು, ಸರಿ ಇದ್ದರೆ, ಪಕ್ಕದಲ್ಲಿ ಕೂತು ಅವರ ಜೊತೆ ನಾವೂ ನಿಧಾನವಾಗಿ ಉಸಿರು ಬಿಡುತ್ತೇವೆ. ಸ್ವಲ್ಪ ಹೊತ್ತಿಗೆ ಬೆರಳು ತಾನಾಗಿ ಬಿಚ್ಚಿಕೊಳ್ಳುತ್ತದೆ. ಇದಕ್ಕೆ ಪ್ಯಾನಿಕ್ ಅಟ್ಯಾಕ್ ಅನ್ನುತ್ತಾರೆ. ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ತುದಿ ಮುಟ್ಟಿ ಆಮೇಲೆ ಇಳಿಯುತ್ತದೆ.

ಉಸಿರಾಟದ ವಿಷಯ: ಎಳೆದುಕೊಳ್ಳುವುದಕ್ಕಿಂತ ಬಿಡುವುದು ಉದ್ದ ಇರಬೇಕು. ಮನಸ್ಸಿನಲ್ಲೇ ನಾಲ್ಕು ಎಣಿಸುತ್ತಾ ಮೂಗಿನಿಂದ ತಗೊಳ್ಳಿ, ಆರು ಎಣಿಸುತ್ತಾ ಬಿಡಿ. ಎದೆ ಉಬ್ಬಿಸಬೇಡಿ, ಹೊಟ್ಟೆ ಏಳಲಿ. ಭ್ರಾಮರಿ ಬಂದರೆ ಇನ್ನೂ ಒಳ್ಳೆಯದು, ಗುಂಯ್ ಅಂತ ಬಿಡುವಾಗ ಉಸಿರು ತಾನಾಗಿ ಉದ್ದವಾಗುತ್ತದೆ. ಮೇಲೆ ಒಬ್ಬರು ಪ್ರಾಣಾಯಾಮ ಅಂದಿದ್ದಾರೆ, ಒಳ್ಳೆಯದೇ. ಆದರೆ ಕಪಾಲಭಾತಿ, ಭಸ್ತ್ರಿಕಾ ತರಹದ ಜೋರು ಉಸಿರಿನವು ಪ್ಯಾನಿಕ್ ಇರುವ ಕೆಲವರಿಗೆ ಗಾಬರಿ ಜಾಸ್ತಿ ಮಾಡುತ್ತವೆ, ಈಗ ಅವು ಬೇಡ. ಮತ್ತೆ ಈ ನಿಧಾನದ ಉಸಿರಾಟವನ್ನು ಗಾಬರಿ ಬಂದಾಗ ಮಾತ್ರ ಮಾಡಿದರೆ ಕೈ ಹಿಡಿಯುವುದಿಲ್ಲ. ಸುಮ್ನೆ ಕೂತಾಗ ದಿನಾ ಮಾಡಿ ರೂಢಿಯಾಗಿದ್ದರೆ ಮಾತ್ರ ಆ ಹೊತ್ತಿಗೆ ನೆನಪಿಗೆ ಬರುತ್ತದೆ.

ಥೈರಾಯ್ಡ್ ಮತ್ತು ಹಿಮೋಗ್ಲೋಬಿನ್ ನೋಡಿಸಿದ್ದೀರಾ? ನೀವು ಬರೆದಿಲ್ಲ. ಥೈರಾಯ್ಡ್ ಜಾಸ್ತಿ ಇದ್ದರೂ, ರಕ್ತ ಕಮ್ಮಿ ಇದ್ದರೂ ಎದೆ ಹೀಗೇ ಹೊಡೆದುಕೊಳ್ಳುತ್ತದೆ. ಉಬ್ಬಸದ ಇನ್ಹೇಲರ್, ಕೆಲವು ಶೀತದ ಮಾತ್ರೆ ತಗೊಂಡರೂ ಅಷ್ಟೇ. ಟಿಎಸ್‌ಎಚ್, ಸಿಬಿಸಿ ಅಂದರೆ ಇವೆರಡನ್ನು ನೋಡುವ ಸಣ್ಣ ರಕ್ತ ಪರೀಕ್ಷೆ.

ಒಂದು ಮಾತು ಎಲ್ಲರಿಗೂ. ಎದೆ ಮಧ್ಯ ಒತ್ತಿ ಹಿಂಡಿದಂತೆ ನೋವು, ಎಡಗೈಗೋ ದವಡೆಗೋ ಹರಡುವುದು, ಜೊತೆಗೆ ತಣ್ಣನೆ ಬೆವರು, ನಡೆದರೆ ಬಂದು ನಿಂತರೆ ಹೋಗುವ ನೋವು: ಇವು ಬಂದರೆ ಉಸಿರಾಟದ ಅಭ್ಯಾಸ ಮಾಡುತ್ತಾ ಕೂರಬೇಡಿ, ನೇರ ಆಸ್ಪತ್ರೆಗೆ ಬನ್ನಿ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲೂಕು ಆಸ್ಪತ್ರೆಗಳಲ್ಲೇ ಇಸಿಜಿ ಉಚಿತವಾಗಿ ಆಗುತ್ತದೆ.

ಮೂಡಿಗೆರೆ_ತೋಟ:

ಕಾಫಿ ಬಗ್ಗೆ ನಾನು ಹೇಳುತ್ತೇನೆ, ನಾವು ಬೆಳೆಯುವವರು.

ಕಾಫಿ ಪೂರ್ತಿ ಬಿಡಿ ಅಂತ ಯಾರಾದರೂ ಹೇಳಿದರೆ ಕೇಳಬೇಡಿ ತಮ್ಮ, ಒಂದೇ ದಿನಕ್ಕೆ ನಿಲ್ಲಿಸಿದರೆ ತಲೆನೋವು ಬಂದು ಇನ್ನೂ ಸಿಡುಕು ಜಾಸ್ತಿಯಾಗುತ್ತದೆ. ಸ್ವಲ್ಪ ಸ್ವಲ್ಪವಾಗಿ ಇಳಿಸಿ. ಕೆಫೀನ್ ಒಳಗೆ ಹೋದರೆ ಅರ್ಧ ಖಾಲಿಯಾಗಲು ಸುಮಾರು ಐದು ಗಂಟೆ ಬೇಕು, ಕೆಲವರಿಗೆ ಇನ್ನೂ ಜಾಸ್ತಿ. ಅಂದರೆ ಸಂಜೆ 5ಕ್ಕೆ ಕುಡಿದದ್ದರಲ್ಲಿ ಅರ್ಧ ರಾತ್ರಿ 10ಕ್ಕೂ ಮೈಯಲ್ಲೇ ಇರುತ್ತದೆ. ಆರೋಗ್ಯವಂತ ದೊಡ್ಡವರಿಗೆ ದಿನಕ್ಕೆ 400 ಮಿಲಿಗ್ರಾಂ ತನಕ ಪರವಾಗಿಲ್ಲ ಅಂತ ಹೇಳುತ್ತಾರೆ, ಆದರೆ ಆತಂಕ ಇರುವವರಿಗೆ ಅದಕ್ಕಿಂತ ತುಂಬಾ ಕಮ್ಮಿಗೇ ಕೈ ನಡುಕ, ಎದೆ ಡವಡವ ಶುರುವಾಗಬಹುದು. ಆ ಡವಡವ ಕಾಫಿಯದ್ದೋ ಹಾರ್ಟಿನದ್ದೋ ಅಂತ ನಿಮ್ಮ ಮನಸ್ಸಿಗೆ ಗೊತ್ತಾಗುವುದಿಲ್ಲ, ಅದು ಹೆದರುವುದು ಒಂದೇ ರೀತಿ.

ಇನ್ನೊಂದು ವಿಷಯ ಜನರಿಗೆ ಗೊತ್ತಿರುವುದಿಲ್ಲ. ಅರೇಬಿಕಾಕ್ಕಿಂತ ರೋಬಸ್ಟಾದಲ್ಲಿ ಕೆಫೀನ್ ಸುಮಾರು ಎರಡು ಪಟ್ಟು. ಚಿಕೋರಿಯಲ್ಲಿ ಕೆಫೀನ್ ಇಲ್ಲವೇ ಇಲ್ಲ. ಹಾಗಾಗಿ ನೀವು ಮನೆಗೆ ಪುಡಿ ಮಾಡಿಸುವಾಗ ಅರೇಬಿಕಾ ಕೇಳಿ, ಚಿಕೋರಿ ಸ್ವಲ್ಪ ಜಾಸ್ತಿ ಹಾಕಿಸಿ. ಫಿಲ್ಟರಿನ ಮೊದಲ ಗಟ್ಟಿ ಡಿಕಾಕ್ಷನ್ ಬೆಳಿಗ್ಗೆಗೆ ಇರಲಿ, ಮತ್ತೆ ಬಿಸಿನೀರು ಹಾಕಿ ಇಳಿಸಿದ ಎರಡನೆಯದು ಮಧ್ಯಾಹ್ನಕ್ಕೆ. ಸಂಜೆ ಬೈಟುಗೆ ಯಾರಾದರೂ ಕರೆದರೆ ಹೋಗಿ, ಮಾತಾಡಿ, ಬಾದಾಮಿ ಹಾಲೋ ಕಷಾಯವೋ ತಗೊಳ್ಳಿ. ಹೋಗುವುದನ್ನು ನಿಲ್ಲಿಸಬೇಡಿ, ಆ ಐದು ನಿಮಿಷದ ಹರಟೆ ನಿಮಗೆ ಕಾಫಿಗಿಂತ ಜಾಸ್ತಿ ಬೇಕು.

ಖಾಲಿ ಹೊಟ್ಟೆಗೆ ಕಾಫಿ ಮಾತ್ರ ಬೇಡ. ಮಧ್ಯಾಹ್ನದ ತನಕ ತಿನ್ನದೆ ಇದ್ದರೆ ಆತಂಕ ಇಲ್ಲದವರಿಗೂ ಕೈ ನಡುಗುತ್ತದೆ. ಎರಡು ಇಡ್ಲಿ ಸಾಕು.

ಗೃಹಿಣಿ_ಧಾರವಾಡ:

ಇಲ್ಲಿ ಯಾರೂ ಅಣ್ಣನ ಹೆಂಡತಿಯ ಬಗ್ಗೆ ಹೇಳಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನಮ್ಮ ಮನೆಯವರಿಗೂ ಇದೇ ತೊಂದರೆ ಇತ್ತು, ಇಲ್ಲಿನ ಸರ್ಕಾರಿ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್‌ನಲ್ಲಿ ತೋರಿಸಿದೆವು. ಈಗ ಚೆನ್ನಾಗಿದ್ದಾರೆ.

ರಾತ್ರಿ ಎಬ್ಬಿಸಿ "ಏನೂ ಆಗಲ್ಲ ಅಲ್ವಾ" ಅಂತ ಕೇಳುವುದು ಇದೆಯಲ್ಲ ಅಣ್ಣ, ಅದೇ ದೊಡ್ಡ ಗಂಟು. ಪಲ್ಸ್ ನೋಡುವುದು, ಗೂಗಲ್ ಮಾಡುವುದು, ಮತ್ತೆ ಮತ್ತೆ ಇಸಿಜಿ ಮಾಡಿಸುವುದು, ಲಿಫ್ಟಿನಲ್ಲೇ ಹೋಗುವುದು, ಎಲ್ಲಾ ಒಂದೇ ಜಾತಿಯವು. ಆ ಗಳಿಗೆಗೆ ಹಾಯ್ ಅನ್ನಿಸುತ್ತದೆ. ಆದರೆ ಪ್ರತಿ ಸಲ ಹೀಗೆ ಸಮಾಧಾನ ತಗೊಂಡಾಗ ಮನಸ್ಸು "ನೋಡಿದ್ದಕ್ಕೇ ಬದುಕಿದೆ, ಕೇಳಿದ್ದಕ್ಕೇ ಏನೂ ಆಗಲಿಲ್ಲ" ಅಂತ ಕಲಿಯುತ್ತದೆ. ಮುಂದಿನ ಸಲ ಇನ್ನೂ ಬೇಗ ಕೇಳುತ್ತದೆ. ತುರಿಕೆ ಕೆರೆದ ಹಾಗೆ. ಅಲ್ಲಿನ ಡಾಕ್ಟರ್ ಇದನ್ನು ನಮ್ಮಿಬ್ಬರನ್ನೂ ಕೂರಿಸಿ ಹೇಳಿದರು, ನನಗೆ ಆಗ ಎಲ್ಲಾ ಅರ್ಥವಾಯಿತು.

ನಾವು ಮಾಡಿದ್ದು ಹೀಗೆ. ಅವರು ಕೇಳಿದರೆ ನಾನು ಒಂದು ಸಲ ಮಾತ್ರ ಉತ್ತರ ಹೇಳುವುದು. ಎರಡನೇ ಸಲ ಕೇಳಿದರೆ "ಇದು ಆತಂಕ ಕೇಳುತ್ತಿದೆ, ನಾನು ಇಲ್ಲೇ ಇದ್ದೇನೆ" ಅಂತ ಹೇಳಿ ಕೈ ಹಿಡಿದುಕೊಂಡು ಕೂರುವುದು, ಅಷ್ಟೇ. ಮೊದಮೊದಲು ಅವರಿಗೆ ಸಿಟ್ಟು ಬರುತ್ತಿತ್ತು, ಇವಳಿಗೆ ನನ್ನ ಮೇಲೆ ಕಾಳಜಿ ಇಲ್ಲ ಅಂತ. ನನಗೂ ಸಂಕಟವಾಗುತ್ತಿತ್ತು. ಅದಕ್ಕೇ ಇದನ್ನು ಹಗಲು ಹೊತ್ತು, ಇಬ್ಬರೂ ಸಮಾಧಾನವಾಗಿದ್ದಾಗ ಮಾತಾಡಿ ಒಪ್ಪಿಕೊಂಡಿರಬೇಕು. ರಾತ್ರಿ ಒಂದು ಗಂಟೆಗೆ ಹೊಸ ನಿಯಮ ತಂದರೆ ಜಗಳವಾಗುತ್ತದೆ.

ಆಮೇಲೆ ಚಿಂತೆಗೆ ಒಂದು ಹೊತ್ತು ಗೊತ್ತು ಮಾಡಿದರು. ಸಂಜೆ ಆರೂವರೆಯಿಂದ ಕಾಲು ಗಂಟೆ. ಫ್ರಿಜ್ ಮೇಲೆ ಒಂದು ಸಣ್ಣ ನೋಟ್ ಬುಕ್, ಅದಕ್ಕೊಂದು ಪೆನ್ನು ದಾರದಲ್ಲಿ ಕಟ್ಟಿ ಇಟ್ಟಿದ್ದೆವು. ಹಗಲಿನಲ್ಲಿ ಏನೇ ಭಯ ಬಂದರೂ ಅದರಲ್ಲಿ ಒಂದು ಸಾಲು ಬರೆದು ಬಿಡುವುದು: "ಎಡಗಡೆ ಚುಚ್ಚಿತು", "ಅಪ್ಪನಿಗೆ ಶುಗರ್ ಇತ್ತು, ನನಗೂ ಬರುತ್ತದಾ", "ಮಗಳ ಫೀಸು". ಆರೂವರೆಗೆ ಕೂತು ಅದನ್ನು ಓದಿ ಯೋಚಿಸುವುದು. ಫೀಸಿನಂಥದಕ್ಕೆ ಏನು ಮಾಡಬೇಕು ಅಂತ ಮುಂದೆ ಬರೆಯುತ್ತಿದ್ದರು. ಎಡಗಡೆ ಚುಚ್ಚಿದ್ದು ಸಂಜೆ ಹೊತ್ತಿಗೆ ಅವರಿಗೇ ನೆನಪಿರುತ್ತಿರಲಿಲ್ಲ. ಈ ಕೆಲಸ ಮಲಗುವ ಮುಂಚೆ ಮಾಡಬೇಡಿ, ನಿದ್ದೆ ಕೆಡುತ್ತದೆ.

ಇನ್ನು ಮೇಲೆ "ಧೈರ್ಯವಾಗಿರಿ" ಅಂತ ಬರೆದ ಹಿರಿಯರಿಗೆ ಒಂದು ಮಾತು, ತಪ್ಪು ತಿಳಿಯಬೇಡಿ. ಇವರು ಧೈರ್ಯ ಇಲ್ಲದವರಲ್ಲ. ದಿನಾ ಸಾಯುತ್ತೇನೆ ಅನ್ನಿಸಿದರೂ ಎದ್ದು ಕೆಲಸಕ್ಕೆ ಹೋಗಿ ಮನೆ ನಡೆಸುತ್ತಿದ್ದಾರೆ. ದೇವರ ನಾಮ ಹೇಳಿಕೊಂಡರೆ ನಮ್ಮವರಿಗೂ ಮನಸ್ಸು ಹಗುರಾಗುತ್ತಿತ್ತು, ಅದು ನಿಜ. ಆದರೆ ಅದರ ಜೊತೆಗೆ ಚಿಕಿತ್ಸೆಯೂ ಬೇಕಾಯಿತು.

ಶ್ರೀನಿವಾಸ_ಕೃಪೆ:

ಸರಿ ತಾಯಿ, ನೀವು ಹೇಳಿದ್ದು ಒಪ್ಪುತ್ತೇನೆ.

ಕೋಡ್_ಮಲೆನಾಡು:

ಬ್ರೋ, ನನ್ನದೂ ಇದೇ ಕಥೆ, ಸ್ವಲ್ಪ ಬೇರೆ ರೀತಿ. ನನಗೆ ಮಾತ್ರೆ ಬೇಕಾಯಿತು, ಅದಕ್ಕೇ ಆ ಪ್ರಶ್ನೆಗೆ ಉತ್ತರ ಹೇಳುತ್ತೇನೆ. ಬೇಕಾ ಬೇಡವಾ ಅನ್ನುವುದನ್ನು ಡಾಕ್ಟರ್ ನೋಡಿಯೇ ಹೇಳಬೇಕು, ಇಲ್ಲಿ ಯಾರೂ ಹೇಳಲು ಆಗುವುದಿಲ್ಲ. ಆದರೆ ಎರಡು ವಿಷಯ ಗೊತ್ತಿರಲಿ. ಆತಂಕಕ್ಕೆ ಸಾಮಾನ್ಯವಾಗಿ ಕೊಡುವ ಎಸ್‌ಎಸ್‌ಆರ್‌ಐ ಮಾತ್ರೆ ಕೆಲಸ ಮಾಡಲು ಕೆಲವು ವಾರ ಬೇಕು, ಮೊದಲ ದಿನಗಳಲ್ಲಿ ಚಡಪಡಿಕೆ ಸ್ವಲ್ಪ ಜಾಸ್ತಿಯೇ ಆಗಬಹುದು, ಆಗ ಹೆದರಿ ಬಿಡಬೇಡಿ, ಡಾಕ್ಟರಿಗೆ ಫೋನ್ ಮಾಡಿ. ಸರಿ ಹೋಯಿತು ಅಂತ ನೀವೇ ತಟ್ಟನೆ ನಿಲ್ಲಿಸಲೂ ಬೇಡಿ. ಇನ್ನೊಂದು, ಆಲ್‌ಪ್ರಜೋಲಮ್ ತರಹದ ಮಾತ್ರೆಯನ್ನು ಗೆಳೆಯ ಕೊಟ್ಟ, ಮೆಡಿಕಲ್‌ನವನು ಗುರುತಿನವನು ಅಂತ ತಗೊಳ್ಳಲೇಬೇಡಿ. ಅರ್ಧ ಗಂಟೆಯಲ್ಲಿ ಸಮಾಧಾನ ಕೊಡುತ್ತದೆ, ಅದಕ್ಕೇ ಚಟ ಹಿಡಿಯುತ್ತದೆ. ಚೀಟಿ ಇಲ್ಲದೆ ಮಾರಬಾರದು ಅಂತ ಕಾನೂನೇ ಇದೆ.

ವೀಕೆಂಡ್ ಪಾರ್ಟಿ ಇದೆಯಾ? ನೀವು ಬರೆದಿಲ್ಲ, ಆದರೂ ಹೇಳುತ್ತೇನೆ. ಕುಡಿದ ರಾತ್ರಿ ಆರಾಮ ಅನ್ನಿಸುತ್ತದೆ, ಮರುದಿನ ಅದು ಇಳಿಯುವಾಗ ಆತಂಕ ದುಪ್ಪಟ್ಟಾಗಿ ಬರುತ್ತದೆ, ನಿದ್ದೆಯೂ ಮಧ್ಯೆ ಮಧ್ಯೆ ಒಡೆಯುತ್ತದೆ. ಭಾನುವಾರ ಸಂಜೆಯ ಸಂಕಟ ಎಲ್ಲಾ ಸೋಮವಾರದ ಆಫೀಸಿನದ್ದಲ್ಲ, ಅರ್ಧ ಶನಿವಾರ ರಾತ್ರಿಯದ್ದು. ಸಿಗರೇಟೂ ಅಷ್ಟೇ. ಹಿಂದಿನ ಸಿಗರೇಟಿನ ನಿಕೋಟಿನ್ ಇಳಿದಾಗ ಆಗುವ ಚಡಪಡಿಕೆಯನ್ನು ಮುಂದಿನದು ತಣಿಸುತ್ತದೆ, ನಾವು ಅದನ್ನು ಟೆನ್ಶನ್ ಕಮ್ಮಿಯಾಯಿತು ಅಂದುಕೊಳ್ಳುತ್ತೇವೆ. ಎದೆ ಬಡಿತವನ್ನಂತೂ ಅದು ಏರಿಸಿಯೇ ಏರಿಸುತ್ತದೆ.

ಮೊಬೈಲ್ ಬಗ್ಗೆ ಎಲ್ಲರೂ ಬೈಯುತ್ತಾರೆ, ನಾನು ಬೈಯುವುದಿಲ್ಲ. ಒಂದೇ ಮಾತು: ಚಾರ್ಜರ್ ಅನ್ನು ಅಡುಗೆಮನೆಗೆ ಹಾಕಿ. ಹಾಸಿಗೆ ಪಕ್ಕ ಪ್ಲಗ್ ಇದ್ದರೆ ಯಾವ ಶಪಥವೂ ನಿಲ್ಲುವುದಿಲ್ಲ. ಅಲಾರಂಗೆ ಒಂದು ಹಳೇ ಗಡಿಯಾರ ಸಾಕು. ಊರಿನ ಗುಂಪನ್ನು ಮ್ಯೂಟ್ ಮಾಡಿ, ಬಿಡಬೇಕಾಗಿಲ್ಲ. ನಿದ್ದೆ ಬಾರದೆ ಹೊರಳಾಡುತ್ತಿದ್ದರೆ ಇಪ್ಪತ್ತು ನಿಮಿಷಕ್ಕಿಂತ ಹಾಸಿಗೆಯಲ್ಲಿ ಇರಬೇಡಿ, ಎದ್ದು ಮಂದ ಬೆಳಕಿನಲ್ಲಿ ಬಟ್ಟೆ ಮಡಚುವಂಥ ಕೆಲಸ ಮಾಡಿ, ನಿದ್ದೆ ತೂಗಿದಾಗ ಹೋಗಿ. ಎಷ್ಟು ಹೊತ್ತಿಗೇ ಮಲಗಿದರೂ ಏಳುವ ಹೊತ್ತು ಮಾತ್ರ ಒಂದೇ ಇರಲಿ, ಭಾನುವಾರವೂ.

ಪಟ್ಟಣದ_ಹುಡುಗ:

ಇಷ್ಟು ಕಾಳಜಿಯಿಂದ ಬರೆದ ಎಲ್ಲರಿಗೂ ಧನ್ಯವಾದ. ಧಾರವಾಡದ ಅಕ್ಕ ಬರೆದದ್ದನ್ನು ಹೆಂಡತಿಗೆ ಓದಿ ಹೇಳಿದೆ. ಅವಳು ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ, ಆಮೇಲೆ "ನನಗೂ ರಾತ್ರಿ ನಿದ್ದೆ ಇಲ್ಲ ರೀ, ನಿಮ್ಮ ಉಸಿರು ಕೇಳಿಸಿಕೊಂಡು ಮಲಗಿರುತ್ತೇನೆ" ಅಂದಳು. ಅವಳೂ ಹೀಗೆ ಒದ್ದಾಡುತ್ತಿದ್ದಾಳೆ ಅಂತ ನನಗೆ ಗೊತ್ತೇ ಇರಲಿಲ್ಲ. ಇಬ್ಬರೂ ಕೂತು ಒಂದು ಸಲ ಮಾತ್ರ ಉತ್ತರ ಅನ್ನುವ ನಿಯಮ ಮಾಡಿಕೊಂಡಿದ್ದೇವೆ.

ಸಿಸ್ಟರ್, ಹಿಮೋಗ್ಲೋಬಿನ್ ಸರಿ ಇದೆ, ಥೈರಾಯ್ಡ್ ನೋಡಿಸಿಲ್ಲ, ನಾಳೆ ಕೊಡುತ್ತೇನೆ. ಸಿಗರೇಟ್ ಇಲ್ಲ, ಕುಡಿಯುವುದು ತಿಂಗಳಿಗೊಮ್ಮೆ.

ಎರಡು ಸಂದೇಹ. ವಾಚ್ ತೆಗೆದಿಟ್ಟು ಬಿಡಲಾ? ಅದಿಲ್ಲದೆ ಇನ್ನೂ ಭಯ ಆಗುತ್ತದೆ. ಮತ್ತೆ ಮುಂದಿನ ತಿಂಗಳು ಅತ್ತೆ ಮನೆಯವರ ಜೊತೆ ಶ್ರವಣಬೆಳಗೊಳಕ್ಕೆ ಹೋಗುವುದಿದೆ. ಎಲ್ಲರೂ ವಿಂಧ್ಯಗಿರಿ ಹತ್ತುತ್ತಾರೆ, 600ಕ್ಕೂ ಹೆಚ್ಚು ಮೆಟ್ಟಿಲು. ಚಿಕ್ಕಂದಿನಲ್ಲಿ ಓಡಿ ಹತ್ತುತ್ತಿದ್ದೆ. ಈಗ ಕೆಳಗೆ ಅಂಗಡಿ ಹತ್ತಿರ ಕೂರುತ್ತೇನೆ ಅಂತ ಹೇಳಿಬಿಡಲಾ ಅನ್ನಿಸುತ್ತಿದೆ. ಏನು ಮಾಡಲಿ?

ನೈಟ್_ಡ್ಯೂಟಿ_ಸಿಸ್ಟರ್:

ವಾಚ್ ಒಂದೇ ದಿನಕ್ಕೆ ಬಿಸಾಡಬೇಡಿ. ಮೊದಲು ಅದರಲ್ಲಿ ಹಾರ್ಟ್ ರೇಟ್ ತೋರಿಸುವ ಮುಖ ತೆಗೆದು ಬರೀ ಸಮಯ ತೋರಿಸುವುದು ಹಾಕಿ, ಅಲರ್ಟ್ ಆಫ್ ಮಾಡಿ. ಆಮೇಲೆ ರಾತ್ರಿ ಬಿಚ್ಚಿಡಿ. ಆಮೇಲೆ ಹಗಲೂ. ಭಯ ಜಾಸ್ತಿಯಾಗುತ್ತದೆ ಅಂದಿರಲ್ಲ, ಆಗಲಿ. ನೋಡದೆ ಸ್ವಲ್ಪ ಹೊತ್ತು ತಡೆದರೆ ಅದು ತಾನಾಗಿ ಇಳಿಯುತ್ತದೆ ಅನ್ನುವುದು ನಿಮಗೇ ಗೊತ್ತಾಗಬೇಕು. ಸುಮ್ನೆ ಕೂತಾಗ 60ರಿಂದ 100 ನಾರ್ಮಲ್, ಮೆಟ್ಟಿಲು ಹತ್ತಿದಾಗ 115 ಆಗದಿದ್ದರೆ ಹೇಗೆ ಹೇಳಿ? ಕಾಲಿಗೆ ರಕ್ತ ಹೋಗಬೇಕಲ್ಲ.

ಬೆಟ್ಟದ ವಿಷಯ. ಟಿಎಂಟಿ ಅಂದರೆ ನಿಮ್ಮನ್ನು ಓಡಿಸಿ ಹೃದಯ ನೋಡುವ ಪರೀಕ್ಷೆ, ಅದು ನಾರ್ಮಲ್ ಬಂದಿದೆ. ಹತ್ತಬಹುದಾ ಅಂತ ನಿಮ್ಮ ಡಾಕ್ಟರನ್ನು ಒಂದೇ ಒಂದು ಸಲ ಕೇಳಿ, ಹೂಂ ಅಂದರೆ ಹತ್ತಿ. ಅದಕ್ಕೆ ಇವತ್ತಿನಿಂದಲೇ ತಯಾರಿ ಶುರು ಮಾಡಿ. ಲಿಫ್ಟ್ ಬಿಟ್ಟು ಒಂದು ಮಹಡಿ, ಮುಂದಿನ ವಾರ ಎರಡು, ಸಂಜೆ ಅರ್ಧ ಗಂಟೆ ಚುರುಕು ನಡಿಗೆ. ಎದೆ ಹೊಡೆದುಕೊಂಡಾಗ ಅಲ್ಲೇ ನಿಲ್ಲಿ, ಓಡಿ ಹೋಗಬೇಡಿ, ಅದು ಇಳಿಯುವುದನ್ನು ನೋಡಿ, ಮತ್ತೆ ಹತ್ತಿ. ನಡಿಗೆ ಆತಂಕ ಇಳಿಸುತ್ತದೆ ಅನ್ನುವುದು ಒಂದು ಕಡೆ, ಎದೆ ಬಡಿತ ಅಂದರೆ ಅಪಾಯ ಅಲ್ಲ ಅಂತ ನಿಮ್ಮ ಮೈ ಮತ್ತೆ ಕಲಿಯುತ್ತದೆ ಅನ್ನುವುದು ಇನ್ನೊಂದು ಕಡೆ. ನನಗೆ ಕೇಳಿದರೆ ಎರಡನೆಯದೇ ದೊಡ್ಡದು. ಶಟ್ಲ್ ಬ್ಯಾಟನ್ನೂ ಹೊರಗೆ ತೆಗೆಯಿರಿ. ಬೆಳಗೊಳಕ್ಕೆ ಬೆಳಿಗ್ಗೆ ಬೇಗ ಹೋಗಿ, ಬರಿಗಾಲಲ್ಲಿ ಹತ್ತಬೇಕು, ಬಿಸಿಲೇರಿದರೆ ಬಂಡೆ ಸುಡುತ್ತದೆ.

ಇದೆಲ್ಲಾ ಮಾಡುತ್ತಲೇ ಒಬ್ಬ ಮನೋವೈದ್ಯರನ್ನು ನೋಡಿ. ತುಂಬಾ ದಿನದಿಂದ ಇದೆ, ಆಟ, ನಿದ್ದೆ, ಸಂಸಾರ ಎಲ್ಲಕ್ಕೂ ಅಡ್ಡ ಬಂದಿದೆ, ಹಾಗಾಗಿ ಅಭ್ಯಾಸವೊಂದರಿಂದಲೇ ಹೋಗುತ್ತದೆ ಅಂತ ಕಾಯಬೇಡಿ. ಮೊದಲು ಫೋನಿನಲ್ಲಿ ಮಾತಾಡಬೇಕು ಅನ್ನಿಸಿದರೆ 14416, ಟೆಲಿ ಮಾನಸ್, ಕೇಂದ್ರ ಸರ್ಕಾರದ್ದು, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಬೆಂಗಳೂರಿನಲ್ಲಿ ಇರುವುದರಿಂದ ನಿಮ್ಹಾನ್ಸ್ ನಿಮಗೆ ಹತ್ತಿರವೇ. ಬಿಟಿಎಂ ಲೇಔಟ್‌ನಲ್ಲೂ ಅವರ ಒಂದು ಸೆಂಟರ್ ಇದೆ, ದೊಡ್ಡ ಆಸ್ಪತ್ರೆಗೆ ಹೋಗಲು ಮುಜುಗರ ಅನ್ನುವವರು ಅಲ್ಲಿಗೆ ಹೋಗುತ್ತಾರೆ. ಕಾಗ್ನಿಟಿವ್ ಬಿಹೇವಿಯರ್ ಥೆರಪಿ ಅಂತ ಕೇಳಿ, ಯೋಚನೆ ಮತ್ತು ಅಭ್ಯಾಸ ಬದಲಾಯಿಸಲು ಕಲಿಸುವ ಮಾತಿನ ಚಿಕಿತ್ಸೆ. ಇಲ್ಲಿ ನಾವೆಲ್ಲ ಬಿಡಿಬಿಡಿಯಾಗಿ ಹೇಳಿದ್ದನ್ನೇ ಅಲ್ಲಿ ಕ್ರಮವಾಗಿ ಮಾಡಿಸುತ್ತಾರೆ.

ಹೋಗುವಾಗ ಇಸಿಜಿ, ಎಕೋ, ಟಿಎಂಟಿ, ನಾಳೆಯ ಟಿಎಸ್‌ಎಚ್, ಎಲ್ಲಾ ಒಂದೇ ಫೈಲಿನಲ್ಲಿ ಹಾಕಿಕೊಳ್ಳಿ, ಇಲ್ಲದಿದ್ದರೆ ಮತ್ತೆ ಅದನ್ನೇ ಮಾಡಿಸಬೇಕಾಗಬಹುದು. ಗ್ಯಾಸಿನದ್ದೂ ಸೇರಿ ಈಗ ನುಂಗುತ್ತಿರುವ ಮಾತ್ರೆಗಳ ಹೆಸರು ಬರೆದುಕೊಂಡು ಹೋಗಿ. ಹೆಂಡತಿಯನ್ನೂ ಒಳಗೆ ಕರೆದುಕೊಂಡು ಹೋಗಿ, ಹೊರಗೆ ಬೆಂಚಿನಲ್ಲಿ ಕೂರಿಸಬೇಡಿ.